ಹದಿನಾಲ್ಕು ತಪ್ಪು ಹಿಡಿದವಳು

ಜೂನ್ ೬

ಅಕ್ಕಾ,

ಈ ಸಲದ ಪತ್ರ ಒಂದು ಪುಟಕ್ಕೆ ನಿಲ್ಲುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ತಿಂಗಳಿಗೊಂದು ಪುಟ, ನಿನ್ನ ಅಮ್ಮನಿಗೆ ಅರ್ಥವಾಗುವ ಹಾಗೆ ನನ್ನ ಸಂಶೋಧನೆ ಬರೆಯಬೇಕು ಅನ್ನುವುದು ನಮ್ಮ ಒಪ್ಪಂದ. ಒಡಹುಟ್ಟದಿದ್ದರೂ ಈ ಲ್ಯಾಬಿನಲ್ಲಿ ನನಗೆ ಅಕ್ಕನಾದವಳು ನೀನು; ಲ್ಯಾಬ್ ಬಿಟ್ಟು ಆ ಊರಿನ ಕಾಲೇಜಿಗೆ ಪಾಠ ಮಾಡಲು ಹೊರಟಾಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಫೋನ್ ಮಾಡ್ಬೇಡ. ಫೋನಲ್ಲಿ ನೀನು ಕೈ ಆಡಿಸ್ಕೊಂಡು ಮಾತಾಡ್ತೀಯ, ನನಗೆ ಕೈ ಕಾಣಲ್ಲ. ಬರೆದು ಹೇಳು." ಎರಡು ವರ್ಷದಿಂದ ಬರೆಯುತ್ತಿದ್ದೇನೆ. ನೀನು ಓದಿ ಹೇಳುವಾಗ ಅಮ್ಮನ ಹೊಲಿಗೆ ಯಂತ್ರ ಯಾವ ಸಾಲಿಗೆ ನಿಲ್ಲುತ್ತದೋ ಆ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕಳಿಸುತ್ತೀಯ. ಇವತ್ತು ಮಾತ್ರ ನನ್ನ ಮಣ್ಣು, ನನ್ನ ಬ್ಯಾಕ್ಟೀರಿಯಾ ಪಕ್ಕಕ್ಕಿರಲಿ. ಇವತ್ತು ಸಿಟ್ಟು ಬಂದಿದೆ. ಸ್ವಲ್ಪ ಜಂಬವೂ ಬಂದಿದೆ, ನಿನ್ನ ಹತ್ತಿರ ಮುಚ್ಚಿಡುವುದೇನು.

ಸಂಶೋಧನಾ ವಿದ್ಯಾರ್ಥಿಗಳೆಲ್ಲ ವೈಜ್ಞಾನಿಕ ಬರವಣಿಗೆ ಮತ್ತು ವಿಮರ್ಶೆ ಕಲಿಯಲೇಬೇಕು ಅಂತ ಮೇಲಿನಿಂದ ಆದೇಶ ಬಂದಿದೆ. ಕಲಿಸುವವರು ಯಾರು? ನಮ್ಮ ಗೈಡ್ ಮಹಾಶಯರೇ. ಪ್ರತಿ ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಕಿಟಕಿ ತೆರೆಯದ ಆ ಸಣ್ಣ ಕೋಣೆಯಲ್ಲಿ, ಏಳು ಜನ ಸ್ಟೂಲಿನ ಮೇಲೆ ಬೆನ್ನಿಗೆ ಆಸರೆಯಿಲ್ಲದೆ ಕೂತಿರುತ್ತೇವೆ. ಪತ್ರಿಕೆಗಳು ಅಭಿಪ್ರಾಯ ಕೇಳಿ ಅವರಿಗೆ ಕಳಿಸುವ ಲೇಖನಗಳಿರುತ್ತವಲ್ಲ, ಅದರಲ್ಲೊಂದರ ಲೇಖಕರ ಹೆಸರು ತೆಗೆದು ನಮಗೆ ಪ್ರತಿ ಹಂಚುತ್ತಾರೆ. ನಾವು ತಪ್ಪು ಹುಡುಕಬೇಕು. ಒಂದು ತಪ್ಪಿಗೆ ಒಂದು ಅಂಕ. ಹಲಗೆಯ ಮೇಲೆ ಎಲ್ಲರ ಹೆಸರಿನ ಮುಂದೆ ಸೀಮೆಸುಣ್ಣದಲ್ಲಿ ಲೆಕ್ಕ. ಚೆನ್ನಾಗಿರುವುದನ್ನು ಹೇಳಿದರೆ ಅಂಕವಿಲ್ಲ. ಒಬ್ಬ ಪಾಪ "ಸಾರ್, ವಿಧಾನ ಚೆನ್ನಾಗಿದೆ" ಅಂದ. "ಅದನ್ನ ಹೇಳೋಕೆ ಅವನ ಮನೆಯವರಿದ್ದಾರೆ, ನೀನು ನಿನ್ನ ಕೆಲಸ ನೋಡು" ಅಂದರು. ಇದು ಪಾಠವಾ? ಕೂದಲಲ್ಲಿ ಹೇನು ಹೆಕ್ಕುವ ಸ್ಪರ್ಧೆ.

ಈಗ ಜಂಬದ ವಿಷಯ. ನಾನು ಹದಿನಾಲ್ಕು ಹಿಡಿದೆ. ನನ್ನ ನಂತರದವನು ಒಂಬತ್ತು. ಯಾವ ಲೇಖನ ಅಂತ ನಿನಗೂ ಹೇಳುವ ಹಾಗಿಲ್ಲ, ಗುಟ್ಟು. ಆದರೆ ಅದನ್ನು ಬರೆದವನು ಶುದ್ಧ ಸೋಂಬೇರಿ ಕಣೆ. "ಕೋಷ್ಟಕ ನೋಡಿ" ಅಂತ ನಾಲ್ಕು ಕಡೆ ಬರೆದಿದ್ದಾನೆ, ಕೋಷ್ಟಕವೇ ಇಲ್ಲ! ಹೋಲಿಸಿ ನೋಡಲು ಶುದ್ಧ ನೀರಿನ ಲೆಕ್ಕವೇ ಇಲ್ಲ. ಒಂಬತ್ತನೆಯ ತಪ್ಪು ಓದಿದಾಗ ಇಡೀ ತರಗತಿ ನಕ್ಕಿತು. "ಭಾಷೆ ಶಾಲಾ ಪ್ರಬಂಧದ ಮಟ್ಟದಲ್ಲಿದೆ, ಲೇಖಕರು ಮೊದಲು ವೈಜ್ಞಾನಿಕ ಬರವಣಿಗೆಯ ತರಬೇತಿ ಪಡೆಯುವುದು ಒಳಿತು" ಅಂತ ಬರೆದಿದ್ದೆ. ಗೈಡ್ ನನ್ನ ಕಡೆ ಕೈ ತೋರಿಸಿ, "ನೋಡ್ರಪ್ಪಾ, ಇದು ಕಣ್ಣು ಅಂದ್ರೆ" ಅಂದರು. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು.

ಅಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ ಗುಬ್ಬಿ

*

ಜೂನ್ ೧೯

ಗುಬ್ಬಿ,

ಪತ್ರ ವಾಪಸ್ ಕಳಿಸಿದ್ದೇನೆ, ಗೆರೆಗಳನ್ನು ನೋಡಿಕೋ. ಅಮ್ಮನ ಯಂತ್ರ ಎರಡೇ ಕಡೆ ನಿಂತಿತು. ಮೊದಲನೆಯದು "ವಿಮರ್ಶೆ" ಅನ್ನುವಲ್ಲಿ. "ಒಬ್ಬರು ಹೊಲಿದ ಬಟ್ಟೇನ ಇನ್ನೊಬ್ಬ ದರ್ಜಿ ತಿರುಗಿಸಿ ನೋಡೋದಾ?" ಅಂದಳು. ಹೌದಮ್ಮ ಅಂದೆ. "ಎಲ್ಲಿ ಬಿಚ್ಚಿದೆ ಅಂತ ಮಾತ್ರ ಹೇಳ್ತಾರಾ, ಹೇಗೆ ಹಾಕ್ಬೇಕು ಅಂತಾನೂ ಹೇಳ್ತಾರಾ?" ಅಂದಳು. ನಿನ್ನ ಗೈಡ್‌ನ ಆ ತರಗತಿಗೆ ಇವಳನ್ನು ಕಳಿಸಬೇಕಿತ್ತು.

ಎರಡನೆಯದು "ಹದಿನಾಲ್ಕು" ಅನ್ನುವಲ್ಲಿ. ಅಲ್ಲಿ ಅವಳು ನನ್ನ ಮುಖ ನೋಡಿದಳು.

ನಿನ್ನ ಮೇಲೆ ಸಿಟ್ಟು ಬಂದಿದೆ, ಮುಖಕ್ಕೆ ಹೇಳುತ್ತೇನೆ. ತಪ್ಪು ಹುಡುಕಲು ಓದುವುದು ಬೇರೆ, ಅರ್ಥ ಮಾಡಿಕೊಳ್ಳಲು ಓದುವುದು ಬೇರೆ. ಎರಡನೆಯದನ್ನು ಮಾಡದವನಿಗೆ ಮೊದಲನೆಯದರ ಹಕ್ಕಿಲ್ಲ. ಮತ್ತೆ ಒಂದು ಮುಖ್ಯ ವಿಷಯ. ನೀನು ಇದುವರೆಗೆ ಓದಿದ್ದೆಲ್ಲ ಅಚ್ಚಾದ ಲೇಖನಗಳನ್ನು. ಅದರಲ್ಲಿ ಕೋಷ್ಟಕಗಳು ಬರಹದ ಮಧ್ಯೆ ಇರುತ್ತವೆ. ಪತ್ರಿಕೆಗೆ ಕಳಿಸುವ ಪ್ರತಿಯಲ್ಲಿ ಹಾಗಲ್ಲ. ಅಲ್ಲಿ ಎಲ್ಲ ಕೋಷ್ಟಕಗಳನ್ನೂ ಕೊನೆಗೆ, ಉಲ್ಲೇಖಗಳ ಪಟ್ಟಿಯೂ ಮುಗಿದ ಮೇಲೆ, ಒಂದೊಂದು ಹಾಳೆಯಲ್ಲಿ ಇಡುತ್ತಾರೆ. ನೀನು ಉಲ್ಲೇಖದ ಪಟ್ಟಿ ಬಂದ ಕೂಡಲೇ ಮುಗಿಯಿತು ಅಂತ ಪ್ರತಿ ಮಡಚಿಟ್ಟಿರುತ್ತೀಯ. ಹೋಗಿ ಹಿಂದಿನ ಹಾಳೆಗಳನ್ನು ನೋಡು. ಇದ್ದರೆ ಗೈಡ್‌ಗೆ ಹೇಳಿ ಆ ತಪ್ಪನ್ನು ಹಲಗೆಯಿಂದ ಅಳಿಸು.

ಇಲ್ಲಿ ನನ್ನ ವಿಷಯವೂ ಒಂದಿದೆ. ನನ್ನ ಕೆಲಸ ಕಾಯಂ ಆಗಬೇಕಾದರೆ ನವೆಂಬರ್ ಕೊನೆಯೊಳಗೆ ಒಂದು ಲೇಖನವಾದರೂ ಒಳ್ಳೆಯ ಪತ್ರಿಕೆಯಲ್ಲಿ ಸ್ವೀಕಾರವಾಗಿರಬೇಕು ಅಂತ ಕಾಲೇಜಿನವರು ಬರೆದುಕೊಟ್ಟಿದ್ದಾರೆ. ಇಲ್ಲದಿದ್ದರೆ ಡಿಸೆಂಬರಿಗೆ ಮನೆ. ಒಂದು ಕಳಿಸಿದ್ದೇನೆ. ಏನು ಅಂತ ಈಗ ಹೇಳುವುದಿಲ್ಲ, ಅಚ್ಚಾಗುವ ತನಕ ಬಾಯಿ ಬಿಡಬಾರದು ಅಂತ ನನಗೊಂದು ಹಟ. ಅದರ ಕಾರಣ ಇನ್ನೊಮ್ಮೆ ಹೇಳುತ್ತೇನೆ.

ಅಕ್ಕ

*

ಜುಲೈ ೨೮

ಅಕ್ಕಾ,

ತಡವಾಯಿತು, ಬೈಯಬೇಡ. ಉಷ್ಣತೆ ಹಿಡಿದಿಡುವ ಪೆಟ್ಟಿಗೆ ಕೆಟ್ಟು ನನ್ನ ಮೂರು ವಾರದ ಕೆಲಸ ಹಾಳಾಯಿತು. ರಿಪೇರಿಯವನು ಬರುತ್ತೇನೆ ಬರುತ್ತೇನೆ ಅಂತ ಆಟ ಆಡಿಸುತ್ತಿದ್ದಾನೆ. ಅವನನ್ನೇ ಅದರೊಳಗೆ ಕೂರಿಸಿ ಬಾಗಿಲು ಹಾಕುವಷ್ಟು ಕೋಪ ಬಂದಿದೆ.

ಒಂದು ಸುದ್ದಿ ಇದೆ. ನನ್ನ ಹದಿನಾಲ್ಕು ತಪ್ಪುಗಳ ಪಟ್ಟಿಯನ್ನು ಗೈಡ್ ಹಾಗೆಯೇ, ಒಂದಕ್ಷರ ಬದಲಿಸದೆ, ಹೋದ ವಾರ ಪತ್ರಿಕೆಗೆ ಕಳಿಸಿಬಿಟ್ಟರಂತೆ. ನಾನು ಅಭ್ಯಾಸಕ್ಕೆ ಬರೆದದ್ದು ನಿಜವಾದ ವಿಮರ್ಶೆಯೇ ಆಗಿಹೋಯಿತು! ಅವರು ಬರೆಯುವ ಮಟ್ಟಕ್ಕೆ ಬಂದಿದ್ದೇನೆ ಅಂದ ಹಾಗಾಯಿತಲ್ಲ?

ಕೋಷ್ಟಕದ ವಿಷಯ ನೋಡಿದೆ. ಚಿಂತೆ ಮಾಡಬೇಡ. ನಿನ್ನ ಲೇಖನ ಏನಾಯಿತು? ಅಮ್ಮನ ಮಂಡಿ ನೋವು ಹೇಗಿದೆ?

ಗುಬ್ಬಿ

*

ಸೆಪ್ಟೆಂಬರ್ ೩

ಗುಬ್ಬಿ,

ನನ್ನ ಲೇಖನ ತಿರಸ್ಕೃತವಾಗಿದೆ.

ಏನು ಅಂತ ಈಗ ಹೇಳಬಹುದು, ಮುಚ್ಚಿಡಲು ಇನ್ನೇನಿದೆ. ಇಲ್ಲಿ ಊರಿನ ಪಕ್ಕದಲ್ಲಿ ಒಂದು ಹೊಳೆ ಇದೆ, ಅದರ ದಂಡೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಹೊಳೆಯ ಕೆಸರಿನಲ್ಲಿ ಸೂಜಿಗಿಂತ ತೆಳ್ಳಗಿನ ಕೆಂಪು ಹುಳುಗಳಿರುತ್ತವೆ. ನೀರಿಗೆ ವಿಷ ಸೇರಿದರೆ ಅವುಗಳ ಹಲ್ಲು ಓರೆಯಾಗಿ ಬೆಳೆಯುತ್ತವೆ. ಒಂದೂವರೆ ವರ್ಷ ಪ್ರತಿ ಭಾನುವಾರ ಮೊಣಕಾಲು ನೀರಿನಲ್ಲಿ ನಿಂತು ಹುಳು ಹಿಡಿದೆ. ಸೂಕ್ಷ್ಮದರ್ಶಕದಲ್ಲಿ ಒಂದೊಂದರ ಬಾಯಿ ಬಿಡಿಸಿ ನೋಡಿದೆ. ಕಾರ್ಖಾನೆಯ ಕೆಳಗೆ ನೂರಕ್ಕೆ ಮೂವತ್ತೊಂದು ಹುಳುಗಳ ಹಲ್ಲು ಓರೆ. ಮೇಲೆ, ಶುದ್ಧ ನೀರಿನಲ್ಲಿ, ನೂರಕ್ಕೆ ನಾಲ್ಕು. ಆ ನೀರನ್ನೇ ಕೆಳಗಿನ ಎರಡು ಬೀದಿಯವರು ಕುಡಿಯುತ್ತಾರೆ. ಅವರಲ್ಲಿ ಯಾರಾದರೂ ಓದಿದರೂ ಅರ್ಥವಾಗಲಿ ಅಂತ ಬೇಕೆಂದೇ ಸಣ್ಣ ಸಣ್ಣ ವಾಕ್ಯದಲ್ಲಿ ಬರೆದೆ. ಅಮ್ಮನ ಯಂತ್ರ ಒಂದು ಸಲವೂ ನಿಲ್ಲದ ತನಕ ತಿದ್ದಿದೆ.

ಈಗ ವಿಮರ್ಶಕರ ಮಾತು ಕೇಳು, ಹಾಗೆಯೇ ಇಳಿಸುತ್ತಿದ್ದೇನೆ. ಆರನೆಯ ಅಂಶ: "ಹೋಲಿಕೆಗೆ ಶುದ್ಧ ನೀರಿನ ಎಣಿಕೆಯನ್ನೇ ಕೊಟ್ಟಿಲ್ಲ. ಪದೇ ಪದೇ ಹೆಸರಿಸಲಾದ ಕೋಷ್ಟಕಗಳು ಎಲ್ಲೂ ಇಲ್ಲ. ಇದು ಲೇಖಕರ ಉಡಾಫೆಯನ್ನು ತೋರಿಸುತ್ತದೆ." ಅದು ಕೋಷ್ಟಕ ಮೂರರಲ್ಲಿದೆ, ಕೊನೆಯಿಂದ ಎರಡನೆಯ ಹಾಳೆ. ಒಂಬತ್ತನೆಯ ಅಂಶ: "ಭಾಷೆ ಶಾಲಾ ಪ್ರಬಂಧದ ಮಟ್ಟದಲ್ಲಿದೆ, ಲೇಖಕರು ಮೊದಲು ವೈಜ್ಞಾನಿಕ ಬರವಣಿಗೆಯ ತರಬೇತಿ ಪಡೆಯುವುದು ಒಳಿತು." ಇಂಥವು ಒಟ್ಟು ಹದಿನಾಲ್ಕು.

ಓದಿದ ದಿನ ತರಗತಿಗೆ ಹೋಗಲಿಲ್ಲ. ಸಿಬ್ಬಂದಿ ಕೋಣೆಯಲ್ಲಿ ಕೂತು ನನ್ನದೇ ಲೇಖನದ ಹಾಳೆಗಳನ್ನು ಮತ್ತೆ ಮತ್ತೆ ಎಣಿಸಿದೆ, ಕೋಷ್ಟಕ ಕಳಿಸುವುದನ್ನು ಮರೆತೆನೇನೋ ಅಂತ. ಮರೆತಿರಲಿಲ್ಲ.

ನೀನು ಈ ವಿದ್ಯೆ ಕಲಿಯುತ್ತಿರುವವಳು. ಇಂಥ ವಿಮರ್ಶೆ ಬರೆದವರಿಗೆ ಏನು ಹೇಳಬೇಕು, ಬರೆದು ತಿಳಿಸು. ಕಾಯುತ್ತಿರುತ್ತೇನೆ.

ಅಕ್ಕ

*

ಸೆಪ್ಟೆಂಬರ್ ೨೯

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಓದಿ ತುಂಬಾ ಬೇಸರವಾಯಿತು. ವಿಮರ್ಶಾ ವ್ಯವಸ್ಥೆಯಲ್ಲಿ ಇಂಥ ದೋಷಗಳು ಸಂಭವಿಸುತ್ತಲೇ ಇರುತ್ತವೆ. ವಿಮರ್ಶಕರು ಅನೇಕ ಒತ್ತಡಗಳ ನಡುವೆ ಕಾರ್ಯ ನಿರ್ವಹಿಸಬೇಕಾದ ಅನಿವಾರ್ಯತೆ ಇರುವುದರಿಂದ ಕೆಲವೊಮ್ಮೆ ಗಮನಕ್ಕೆ ಬಾರದ ಅಂಶಗಳು ಉಳಿದುಬಿಡುತ್ತವೆ. ಇದನ್ನು ವೈಯಕ್ತಿಕವಾಗಿ ತೆಗೆದುಕೊಳ್ಳದಿರುವುದು ಸೂಕ್ತ ಅನ್ನಿಸುತ್ತದೆ.

ನೀನು ಬೇರೆ ಪತ್ರಿಕೆಗೆ ಕಳಿಸುವುದು ಒಳ್ಳೆಯದು. ಇನ್ನೂ ಎರಡು ತಿಂಗಳಿದೆ. ಭಾಷೆಯನ್ನು ಸ್ವಲ್ಪ ಗಂಭೀರ ಮಾಡಿದರೆ ಯಾರೂ ಮಾತಾಡುವುದಿಲ್ಲ. ಕೋಷ್ಟಕಗಳನ್ನು ಮಧ್ಯದಲ್ಲೇ ಸೇರಿಸಿಬಿಡು, ಕಣ್ಣಿಗೆ ಬೀಳುತ್ತದೆ. ಯಾರೋ ಅರೆಬರೆ ಓದಿದವರು ಬರೆದದ್ದಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ.

ಇಲ್ಲಿ ಕೆಲಸ ವಿಪರೀತ. ಅಮ್ಮನಿಗೆ ನಮಸ್ಕಾರ.

ಗುಬ್ಬಿ

*

ಅಕ್ಟೋಬರ್ ೭

ಯಾರೋ. ಅರೆಬರೆ ಓದಿದವರು ಯಾರೋ!

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಮೊದಲ ಸಾಲಿಗೆ ಯಂತ್ರ ನಿಂತದ್ದು ಮತ್ತೆ ಶುರುವಾಗಲಿಲ್ಲ. "ಇದು ಅವಳು ಬರೆದಿದ್ದಲ್ಲ" ಅಂದಳು. "ಅವಳೇ ಬರೆದಿದ್ದು ಅಮ್ಮ, ಏನೋ ಬಚ್ಚಿಡ್ತಿದ್ದಾಳೆ" ಅಂದೆ.

ಕೇಳು. ಸೆಪ್ಟೆಂಬರ್ ಒಂದರಂದು ವಿಮರ್ಶೆ ತೆರೆದು ಒಂಬತ್ತನೆಯ ಅಂಶ ಓದಿದಾಗಲೇ ನನಗೆ ಗೊತ್ತಾಯಿತು. ಆ ವಾಕ್ಯವನ್ನು ನೀನು ಜೂನ್ ತಿಂಗಳಲ್ಲೇ ನನಗೆ ಬರೆದಿದ್ದೆ, ಇಡೀ ತರಗತಿ ನಕ್ಕಿತು ಅಂತ ಹೆಮ್ಮೆಯಿಂದ. ವಾಪಸ್ ಕಳಿಸುವ ಮುಂಚೆ ಇಟ್ಟುಕೊಂಡಿದ್ದ ನಿನ್ನ ಆ ಪತ್ರದ ನಕಲು ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಪತ್ರ ಬರೆದೆ. ನೀನೇ ಬಾಯಿ ಬಿಡಲಿ, ನನಗೆ ಕೇಳುವ ಗತಿ ಬರಬಾರದು ಅಂತ. ಸಂಪಾದಕರಿಗೂ ಬರೆಯದೆ ಒಂದು ತಿಂಗಳು ನಿನಗೋಸ್ಕರ ಕಾದೆ. ನನ್ನ ಹತ್ತಿರ ಇದ್ದದ್ದೇ ಮೂರು ತಿಂಗಳು, ಅದರಲ್ಲಿ ಒಂದನ್ನು ನಿನಗೆ ಕೊಟ್ಟೆ. ನೀನು ನನಗೆ ಭಾಷೆ ಗಂಭೀರ ಮಾಡು ಅಂತ ಬುದ್ಧಿ ಹೇಳಿದೆ!

ತಪ್ಪು ಓದಿದ್ದಕ್ಕೆ ಇಷ್ಟು ಸಿಟ್ಟಿಲ್ಲ. ಮೊದಲ ಸಲ ಯಾರಾದರೂ ಹಾಗೆ ಓದುತ್ತಾರೆ, ನಾನೂ ಓದಿದ್ದೆ. ಆದರೆ ಹಿಂದಿನ ಹಾಳೆ ನೋಡು ಅಂತ ಜೂನ್‌ನಲ್ಲೇ ಬರೆದಿದ್ದೆ. "ನೋಡಿದೆ, ಚಿಂತೆ ಮಾಡಬೇಡ" ಅಂತ ಉತ್ತರಿಸಿದೆ. ಏನು ನೋಡಿದೆ? ಕೋಷ್ಟಕ ಅಲ್ಲೇ ಇರುವುದನ್ನು ನೋಡಿದೆ. ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡೆ. ಹದಿನಾಲ್ಕು ಹದಿಮೂರಾಗಿಬಿಡುತ್ತದೆ ಅಂತ ತಾನೆ? ಅಲ್ಲ ಅನ್ನು ನೋಡೋಣ.

ನನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ಅಮ್ಮನಿಗೆ ಹುಷಾರಿಲ್ಲ ಅಂತ ನಾನು ಆ ಲ್ಯಾಬ್ ಬಿಟ್ಟೆ ಅಂತ ನೀನು ಅಂದುಕೊಂಡಿದ್ದೀಯ. ಸುಳ್ಳು. ಅಲ್ಲಿ ನಾನು ಎರಡು ವರ್ಷ ಮಾಡಿದ್ದ ಎಣಿಕೆಯನ್ನು ನಿನ್ನ ಗೈಡ್ ಇನ್ನೊಬ್ಬನ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಕೇಳಿದ್ದಕ್ಕೆ "ಪದವಿ ಬೇಕೋ, ಜಗಳ ಬೇಕೋ?" ಅಂದರು. ನನಗೆ ಅವರ ಸಹಿ ಬೇಕಿತ್ತು, ತೆಪ್ಪಗಾದೆ. ಪದವಿ ತೆಗೆದುಕೊಂಡು ಓಡಿಬಂದೆ. ಅವರ ಹತ್ತಿರ ಉಳಿಯಬೇಡ ಅಂತ ನಿನಗೆ ಹೇಳಬೇಕಿತ್ತು. ನಾಚಿಕೆಯಿಂದ ಹೇಳಲಿಲ್ಲ. ಆ ನಾಚಿಕೆಯ ಫಲ ಈಗ ಉಣ್ಣುತ್ತಿದ್ದೇನೆ. ಲೇಖನ ಅಚ್ಚಾಗುವ ತನಕ ಯಾರಿಗೂ ಹೇಳದ ಹಟವೂ ಅಲ್ಲಿಂದಲೇ ಬಂದದ್ದು.

ಇವತ್ತು ಸಂಪಾದಕರಿಗೆ ಆಕ್ಷೇಪಣೆ ಬರೆದಿದ್ದೇನೆ. ತಿರಸ್ಕೃತರ ಆಕ್ಷೇಪಣೆ ಯಾವಾಗಲೂ ಅಳುಬುರುಕರ ಮಾತಿನ ಹಾಗೆ ಕೇಳಿಸುತ್ತದೆ, ಗೊತ್ತು. ನಿನ್ನ ಹೆಸರು ಬರೆದಿಲ್ಲ. ಅದು ನಿನ್ನ ಮೇಲಿನ ಪ್ರೀತಿ ಅಂತ ತಿಳಿಯಬೇಡ. ಅದನ್ನು ಹೇಳಬೇಕಾದವಳು ನೀನು.

ಈ ಪತ್ರಕ್ಕೆ ಕ್ಷಮೆ ಕೇಳಿ ಉತ್ತರ ಬರೆದರೆ ಒಡೆಯದೆ ಒಲೆಗೆ ಹಾಕುತ್ತೇನೆ.

*

ಅಕ್ಟೋಬರ್ ೨೬

ಅಕ್ಕಾ,

ಕ್ಷಮೆ ಕೇಳುತ್ತಿಲ್ಲ. ಏನಾಯಿತು ಅಂತ ಮಾತ್ರ ಬರೆಯುತ್ತೇನೆ.

ನೀನು ಹೇಳಿದ್ದೇ ನಿಜ. ಜೂನ್ ಕೊನೆಯಲ್ಲಿ ನಿನ್ನ ಪತ್ರ ಬಂದ ದಿನವೇ ಪ್ರತಿ ತೆಗೆದು ನೋಡಿದೆ. ಉಲ್ಲೇಖದ ಪಟ್ಟಿಯ ಹಿಂದೆ ನಾಲ್ಕು ಕೋಷ್ಟಕಗಳಿದ್ದವು. ಮೂರನೆಯದರಲ್ಲಿ ಶುದ್ಧ ನೀರಿನ ಲೆಕ್ಕ. ಹಲಗೆಯ ಮೇಲೆ ನನ್ನ ಹೆಸರಿನ ಮುಂದಿನ ಅಂಕವನ್ನು ಯಾರೂ ಅಳಿಸಿರಲಿಲ್ಲ. ಮುಂದಿನ ಶುಕ್ರವಾರ ಹೇಳೋಣ ಅಂದುಕೊಂಡೆ. ಶುಕ್ರವಾರ ಬಂತು, ಗೈಡ್ ಮತ್ತೆ ಹೊಗಳಿದರು, ಬಾಯಿ ಬರಲಿಲ್ಲ. ಪತ್ರಿಕೆಗೆ ಕಳಿಸಿದ್ದೇನೆ ಅಂದಾಗಲಾದರೂ ಹೇಳಬಹುದಿತ್ತು, ಸಮಯವಿತ್ತು. ಹೇಳಲಿಲ್ಲ. ಹದಿಮೂರಾಗುತ್ತದೆ ಅಂತಲೇ. ನಿನ್ನ ಸೆಪ್ಟೆಂಬರ್ ಪತ್ರ ಬಂದಾಗ ಹೆದರಿದೆ. ಆ ಹೆದರಿಕೆ ನಿನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ ಅಂತ ಗೊತ್ತಾದಾಗ ಇನ್ನೂ ಹೇಸಿಗೆಯಾಯಿತು.

ಹೋದ ಸೋಮವಾರ ಗೈಡ್ ಕೋಣೆಗೆ ಹೋದೆ. ನಿನ್ನ ಲೇಖನದ ಮೂಲ ಪ್ರತಿ ತೋರಿಸಿ ಅಂದೆ. ಮೇಜಿನ ಖಾನೆಯಿಂದ ತೆಗೆದು ಮುಂದಿಟ್ಟರು. ಮೊದಲ ಪುಟದಲ್ಲಿ ನಿನ್ನ ಹೆಸರು, ಕಾಲೇಜಿನ ವಿಳಾಸ, ಎಲ್ಲ ಇತ್ತು.

"ನಿಮಗೆ ಮೊದಲೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು. ಅದಕ್ಕೇ ಆ ಪೇಪರ್ ತರಗತಿಗೆ ತಂದೆ. ರಿವ್ಯೂ ಮಾಡೋರಿಗೆ ಅಕ್ಕ ತಂಗಿ ಅಂತ ಇರಬಾರದು. ಅದೇ ಪಾಠ."

"ಹೆಸರು ಇದ್ದಿದ್ರೆ ನಾನು ಇನ್ನೊಂದು ಸಲ ಓದ್ತಿದ್ದೆ."

"ನೋಡು, ಅದೇ ನಿನ್ನ ತಪ್ಪು. ಹೆಸರು ನೋಡಿ ಓದೋದಾ?"

ಅಕ್ಕಾ, ಆ ಮನುಷ್ಯನ ಮುಖಕ್ಕೆ ಆ ಪ್ರತಿಯನ್ನು ಎಸೆಯುವಷ್ಟು ಕೋಪ ಬಂತು. ಆದರೆ ಆ ಒಂದು ಮಾತು ಸುಳ್ಳಾಗಿರಲಿಲ್ಲ. ಬರೆದವಳು ನೀನು ಅಂತ ಗೊತ್ತಾದ ಮೇಲೆ ತಾನೆ ನಾನು ಈ ಕೋಣೆಗೆ ಬಂದದ್ದು? ಆ ಲೇಖನ ಯಾರೋ ಗುರುತಿಲ್ಲದವರದಾಗಿದ್ದರೆ ಇವತ್ತಿಗೂ ಹದಿನಾಲ್ಕು ಅಂತ ಬೀಗುತ್ತಿದ್ದೆ. ಅವರ ಕೋಣೆಯಿಂದ ಹೊರಗೆ ಬರುವಾಗ ಅವರ ಮೇಲೆ ಎಷ್ಟು ಸಿಟ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು.

"ಸಂಪಾದಕರಿಗೆ ನಿಜ ಬರೀತೀನಿ" ಅಂದೆ. "ಬರಿ. ಆಮೇಲೆ ನಿನ್ನ ಪ್ರಬಂಧಕ್ಕೆ ಯಾರ ಸಹಿ ಹಾಕಿಸ್ತೀಯೋ ನೋಡೋಣ" ಅಂದರು.

ಬರೆದೆ. ಮೊದಲ ಕರಡಿನಲ್ಲಿ "ಅನಿವಾರ್ಯ ಸನ್ನಿವೇಶಗಳ ಹಿನ್ನೆಲೆಯಲ್ಲಿ" ಅಂತ ಶುರು ಮಾಡಿದ್ದೆ. ಹರಿದು ಹಾಕಿದೆ. ಕಳಿಸಿದ್ದರ ಪ್ರತಿ ಇದರ ಜೊತೆಗಿದೆ. ಅದರಲ್ಲಿ ಇರುವುದು ಇಷ್ಟೇ: "ಈ ವಿಮರ್ಶೆ ಬರೆದವಳು ನಾನು, ಸಹಿ ಮಾಡಿದವರು ನನ್ನ ಗೈಡ್. ಲೇಖಕಿಯೊಡನೆ ಅವರಿಗೆ ಹಳೆಯ ತಕರಾರಿತ್ತು, ಅದನ್ನು ಅವರು ನಿಮಗೆ ತಿಳಿಸಲಿಲ್ಲ. ನಾನು ಕೊನೆಯ ನಾಲ್ಕು ಹಾಳೆಗಳನ್ನು ಓದದೆ ವಿಮರ್ಶೆ ಬರೆದೆ. ಆಮೇಲೆ ಓದಿಯೂ ಸುಮ್ಮನಿದ್ದೆ. ಹದಿನಾಲ್ಕು ಅಂಶಗಳಲ್ಲಿ ಮೂರು ಸುಳ್ಳು. ಇನ್ನು ಎಂಟು, ಬರೀ ಅಂಕ ಗಿಟ್ಟಿಸಲು ಬರೆದವು. ಉಳಿದ ಮೂರು ಸರಿ. ಲೇಖನವನ್ನು ಬೇರೆಯವರಿಂದ ಓದಿಸಿ." ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ.

ಆ ಮೂರು ಸರಿ ಅಂತ ಈಗಲೂ ಅನ್ನುತ್ತೇನೆ. ಹೊಳೆಯಲ್ಲಿ ನೀರು ಹೆಚ್ಚಿದ್ದ ದಿನಗಳು ಯಾವುವು ಅಂತ ನೀನು ಹೇಳಿಲ್ಲ. ಹಲ್ಲು ಎಣಿಸಿದವರು ಒಬ್ಬರೋ ಇಬ್ಬರೋ ಹೇಳಿಲ್ಲ. ಹುಳು ಯಾವ ಕಡೆಯದು ಅಂತ ಗೊತ್ತಿಲ್ಲದೆ ಎಣಿಸಿದೆಯಾ, ಗೊತ್ತಿದ್ದು ಎಣಿಸಿದೆಯಾ ಅದನ್ನೂ ಹೇಳಿಲ್ಲ. ಬೈಯುವುದಿದ್ದರೆ ಬೈ.

ಗುಬ್ಬಿ

*

ಡಿಸೆಂಬರ್ ೨

ಗುಬ್ಬಿ,

ಕೆಲಸ ಹೋಯಿತು.

ಸಂಪಾದಕರು ನಿನ್ನ ಪತ್ರ ಸಿಕ್ಕಿತು, ಲೇಖನವನ್ನು ಹೊಸ ವಿಮರ್ಶಕರಿಗೆ ಕಳಿಸಿದ್ದೇವೆ ಅಂತ ನವೆಂಬರ್ ಹತ್ತಕ್ಕೆ ಬರೆದಿದ್ದರು. ಆ ಪತ್ರ ಹಿಡಿದುಕೊಂಡು ಪ್ರಾಂಶುಪಾಲರ ಹತ್ತಿರ ಹೋದೆ, ಎರಡು ತಿಂಗಳು ಕೊಡಿ ಅಂತ ಕೇಳಿದೆ. ಸಮಿತಿ ಕೂತಿತು. ಹಳೆಯ ವಿಮರ್ಶೆ ತೋರಿಸಿ ಅಂದರು. ತೋರಿಸಿದೆ. ಒಬ್ಬ ಸದಸ್ಯ ಒಂಬತ್ತನೆಯ ಅಂಶವನ್ನು ಗಟ್ಟಿಯಾಗಿ ಓದಿದ. "ಇವರೇ ತರಬೇತಿ ತಗೋಬೇಕಂತೆ, ಇವರು ಮಕ್ಕಳಿಗೆ ಏನು ಕಲಿಸ್ತಾರೆ?" ಅಂದ. ನಿನ್ನ ಆ ವಾಕ್ಯಕ್ಕೆ ಇಲ್ಲಿಯೂ ನಕ್ಕರು. ಮೇಜಿನ ಈ ಕಡೆ ನಿಂತು ಅವರು ನಕ್ಕು ಮುಗಿಸುವ ತನಕ ಕಾದೆ. ವಿಮರ್ಶೆ ಬರೆದವಳೇ ತಪ್ಪು ಅಂತ ಒಪ್ಪಿದ್ದಾಳೆ ಅಂದೆ. "ಒಪ್ಪಿದ್ದಾಳೆ, ಆದರೆ ಲೇಖನ ಇನ್ನೂ ಸ್ವೀಕಾರ ಆಗಿಲ್ವಲ್ಲ" ಅಂದರು. ಅಲ್ಲಿಗೆ ಮುಗಿಯಿತು.

ನೀರು ಸರಬರಾಜು ಕಚೇರಿಯ ಪರೀಕ್ಷಾ ಕೋಣೆಯಲ್ಲಿ ಸೋಮವಾರದಿಂದ ಕೆಲಸ. ಬಾಟಲಿ ತೊಳೆಯುವುದೂ ನಾನೇ, ವರದಿ ಬರೆಯುವುದೂ ನಾನೇ. ಪಾಠ ಮಾಡುವುದು ನನಗೆ ಎಷ್ಟು ಇಷ್ಟ ಅಂತ ನಿನಗೆ ಗೊತ್ತು, ಅದನ್ನು ಬರೆಯಲು ಹೋದರೆ ಅಳು ಬರುತ್ತದೆ, ಬಿಡು.

ನೀನು ಹೇಳಿದ ಮೂರು ಅಂಶ ಸರಿಯೇ. ಹಲ್ಲು ಕಡಿದುಕೊಂಡೇ ತಿದ್ದಿದೆ. ಮೂರನೆಯದಕ್ಕಂತೂ ಡಬ್ಬಿಗಳ ಚೀಟಿ ಬದಲಿಸಿ, ಯಾವುದು ಎಲ್ಲಿಯದು ಅಂತ ಗೊತ್ತಾಗದ ಹಾಗೆ ಮಾಡಿ, ಮುನ್ನೂರು ಹುಳು ಮತ್ತೆ ಎಣಿಸಿದೆ. ಮೂವತ್ತೊಂದಿದ್ದದ್ದು ಇಪ್ಪತ್ತೊಂಬತ್ತಾಯಿತು. ಜೂನ್‌ನಲ್ಲಿ ನೀನು ಆ ಮೂರನ್ನೇ ಬರೆದು ಉಳಿದದ್ದನ್ನು ಬಿಟ್ಟಿದ್ದರೆ ನಾನು ಇವತ್ತು ಕಾಲೇಜಿನಲ್ಲೇ ಇರುತ್ತಿದ್ದೆ. ಅದನ್ನು ನೆನೆದಾಗಲೆಲ್ಲ ನಿನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ.

ಅಕ್ಕ

*

ಜನವರಿ ೨೨

ಅಕ್ಕಾ,

ಗೈಡ್ ನನ್ನನ್ನು ಲ್ಯಾಬಿನಿಂದ ಹೊರಗೆ ಹಾಕಿದ್ದಾರೆ. ನನ್ನ ಬೀಗದ ಕೈ ವಾಪಸ್ ತೆಗೆದುಕೊಂಡರು, ನಾಲ್ಕು ವರ್ಷದ ಮಾದರಿಗಳು ಒಳಗೇ ಉಳಿದವು. ಪತ್ರಿಕೆಯವರು ಅವರಿಗೆ ಇನ್ನು ಮೇಲೆ ಲೇಖನ ಕಳಿಸುವುದಿಲ್ಲವಂತೆ, ಅಷ್ಟೇ ಶಿಕ್ಷೆ. ಶುಕ್ರವಾರದ ತರಗತಿ ಹಾಗೆಯೇ ನಡೆಯುತ್ತಿದೆ. ಬೇರೆ ವಿಭಾಗದ ಇಬ್ಬರನ್ನು ನನಗೆ ಗೈಡ್ ಆಗಿ ಅಂತ ಕೇಳಿದೆ. ಒಬ್ಬರು ಆಗುವುದಿಲ್ಲ ಅಂದರು. ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ. ಆ ಮೇಡಂ ಒಳ್ಳೆಯವರ ಹಾಗೆ ಕಾಣುತ್ತಾರೆ, ಆದರೆ ನನ್ನ ಬಗ್ಗೆ ಅವರಿಗೆ ಇನ್ನೂ ಏನೂ ಗೊತ್ತಿಲ್ಲ.

ಬಾರಿಸಬೇಕು ಅನ್ನಿಸಿದ್ದು ಸರಿಯೇ.

ಗುಬ್ಬಿ

*

ಫೆಬ್ರುವರಿ ೧೧

ಗುಬ್ಬಿ,

ಲೇಖನ ಸ್ವೀಕಾರವಾಯಿತು. ಮೂರು ತಿಂಗಳು ಮೊದಲು ಆಗಿದ್ದರೆ ಕುಣಿಯುತ್ತಿದ್ದೆ. ಈಗ ಪತ್ರ ಓದಿ, ಮಡಚಿ, ಬಾಟಲಿ ತೊಳೆಯಲು ಹೋದೆ.

ಎರಡನೆಯ ವಿಮರ್ಶಕರು ಯಾರೋ ಗೊತ್ತಿಲ್ಲ. ಮೊದಲ ಪ್ಯಾರಾದಲ್ಲಿ ನನ್ನ ಕೆಲಸ ಏನು ಅಂತ ಅವರ ಮಾತಿನಲ್ಲಿ ಹೇಳಿದ್ದರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಆಮೇಲೆ ಐದು ಪ್ರಶ್ನೆ ಕೇಳಿ, ಪ್ರತಿಯೊಂದಕ್ಕೂ ಏನು ಮಾಡಬಹುದು ಅಂತ ಬರೆದಿದ್ದರು. ಓದುತ್ತಾ ಅತ್ತುಬಿಟ್ಟೆ. ಇಷ್ಟು ಸುಲಭವಿತ್ತಲ್ಲ ಅಂತ ಮತ್ತೆ ಸಿಟ್ಟೂ ಬಂತು.

ಈಗ ಒಂದು ವಿಷಯಕ್ಕೆ ನಿನ್ನ ಒಪ್ಪಿಗೆ ಬೇಕು. ಅಚ್ಚಿಗೆ ಹೋಗುವ ಮುಂಚಿನ ಪ್ರತಿ ಬಂದಿದೆ. ಕೊನೆಯಲ್ಲಿ ಪತ್ರಿಕೆಯವರೇ ಒಂದು ಸಾಲು ಸೇರಿಸಿದ್ದಾರೆ: "ಉಪಯುಕ್ತ ಸಲಹೆಗಳಿಗಾಗಿ ಹೆಸರು ತಿಳಿಯದ ವಿಮರ್ಶಕರಿಗೆ ಲೇಖಕಿ ಕೃತಜ್ಞಳು." ಎಲ್ಲ ಲೇಖನಗಳ ಬಾಲಕ್ಕೂ ಇರುವ ಸಾಲು ಇದು, ಯಾರೂ ಓದುವುದಿಲ್ಲ. ನನಗೆ ಸಹಿಸಲಾಗಲಿಲ್ಲ. ಹೊಡೆದು ಹಾಕಿ ಹೀಗೆ ಬರೆದೆ: "ಎರಡನೆಯ ವಿಮರ್ಶಕರಿಗೆ ಕೃತಜ್ಞತೆಗಳು. ಈ ಲೇಖನವನ್ನು ಮೊದಲು ತಪ್ಪಾಗಿ ಓದಿ, ಅದನ್ನು ಮುಚ್ಚಿಟ್ಟು, ಕೊನೆಗೆ ತಾನೇ ಒಪ್ಪಿ, ಮೂರು ನಿಜವಾದ ದೋಷಗಳನ್ನು ತೋರಿಸಿದವಳಿಗೂ ಕೃತಜ್ಞತೆಗಳು." ಅದರ ಮುಂದೆ ನಿನ್ನ ಪೂರ್ತಿ ಹೆಸರು.

ಸಂಪಾದಕರು ಫೋನ್ ಮಾಡಿದರು. "ಇಂಥ ಸಾಲು ಯಾರೂ ಹಾಕಲ್ಲಮ್ಮ, ಪಾಪ ಆ ಹುಡುಗಿಯ ಭವಿಷ್ಯ ಏನಾಗ್ಬೇಕು?" ಅಂದರು. ನನ್ನದೇನಾಯಿತು ಅಂತ ಕೇಳಬೇಕು ಅನ್ನಿಸಿತು. ಆಮೇಲೆ ಅವರೇ ಒಂದು ದಾರಿ ಹೇಳಿದರು. ಮಧ್ಯದ ಮಾತುಗಳನ್ನು ತೆಗೆದು "ಮೂರು ದೋಷಗಳನ್ನು ತೋರಿಸಿದವಳಿಗೂ ಕೃತಜ್ಞತೆಗಳು" ಅಂತಷ್ಟೇ ಇಟ್ಟರೆ ನಿನಗೆ ಗೌರವವೇ ಸಿಗುತ್ತದೆ, ಸುಳ್ಳೂ ಅಲ್ಲ ಅಂದರು. ಹೆಸರು ಹಾಕಲು ಹೇಗಿದ್ದರೂ ನಿನ್ನ ಲಿಖಿತ ಒಪ್ಪಿಗೆ ಬೇಕಂತೆ.

ಅವರ ಮಾತು ತೆಗೆದುಹಾಕುವಂಥದ್ದಲ್ಲ. ನಿನಗೆ ಗೈಡ್ ಆಗುವುದನ್ನು ಯೋಚಿಸುತ್ತಿರುವ ಆ ಮೇಡಂ ನಿನ್ನ ಹೆಸರು ಹುಡುಕಿದರೆ ಮೊದಲು ಸಿಗುವುದು ಈ ಸಾಲೇ. ಮುಂದೆ ಕೆಲಸ ಕೊಡುವವರು ಹುಡುಕಿದರೂ ಇದೇ ಸಿಗುತ್ತದೆ. ನಾನು ಎರಡು ದಿನ ಯೋಚಿಸಿದೆ. ನಿನ್ನ ಮೇಲಿನ ಸಿಟ್ಟಿಗೆ ಇದನ್ನು ಮಾಡುತ್ತಿದ್ದೇನಾ ಅಂತ ಕೇಳಿಕೊಂಡೆ. ಸ್ವಲ್ಪ ಹೌದು. ಪೂರ್ತಿ ಅಲ್ಲ.

ಅದಕ್ಕೇ ಎರಡು ಒಪ್ಪಿಗೆ ಪತ್ರ ಕಳಿಸುತ್ತಿದ್ದೇನೆ. ಒಂದರಲ್ಲಿ ಉದ್ದನೆಯ ಸಾಲಿದೆ, ಇನ್ನೊಂದರಲ್ಲಿ ಗಿಡ್ಡದು. ಬೇಕಾದ್ದಕ್ಕೆ ಸಹಿ ಹಾಕು. ಎರಡಕ್ಕೂ ಹಾಕದಿದ್ದರೆ ನಿನ್ನ ಹೆಸರಿರುವುದಿಲ್ಲ, ನಾನೂ ಮತ್ತೆ ಆ ಮಾತು ಎತ್ತುವುದಿಲ್ಲ. ಅಚ್ಚಿಗೆ ಹೋಗುವುದು ಇಪ್ಪತ್ತೈದಕ್ಕೆ.

ಅಕ್ಕ

*

ಫೆಬ್ರುವರಿ ೧೭

ಅಕ್ಕಾ,

ಮೇಡಂಗೆ ನಿನ್ನೆ ನಾನೇ ಎಲ್ಲ ಹೇಳಿದೆ. ಹದಿನಾಲ್ಕು ಅಂಶಗಳ ಪಟ್ಟಿಯನ್ನೂ ನಿನ್ನ ಎರಡು ಸಾಲುಗಳನ್ನೂ ಅವರ ಮುಂದಿಟ್ಟೆ. ಪೂರ್ತಿ ಓದಿ, ಸೋಮವಾರ ಬಾ ಅಂದರು. ಹೂಂ ಅನ್ನುತ್ತಾರೋ ಊಹೂಂ ಅನ್ನುತ್ತಾರೋ ಮುಖ ನೋಡಿ ಗೊತ್ತಾಗಲಿಲ್ಲ. ಸೋಮವಾರದ ತನಕ ಕಾದು ಸಹಿ ಹಾಕೋಣ ಅಂತ ಒಂದು ಕ್ಷಣ ಅನ್ನಿಸಿತು. ಜೂನ್‌ನಲ್ಲೂ ಮುಂದಿನ ಶುಕ್ರವಾರ ಅಂತಲೇ ಅಂದುಕೊಂಡಿದ್ದೆ.

ಉದ್ದನೆಯ ಸಾಲಿಗೆ ಸಹಿ ಹಾಕಿದ್ದೇನೆ.

ಗುಬ್ಬಿ